ಅಂಡಾಕೃತಿಯ ಪಂದ್ಯಪಥಗಳಲ್ಲಿ ಗೋಡೆಯ ಬಾಗಿಲು

ವಾಹನಗಳ ವೇಗಸ್ಪರ್ಧೆಗಾಗಿ ಕಟ್ಟಿದ ಅಂಡಾಕೃತಿಯ ಪಥವು ಆದಿಯೂ ಅಂತ್ಯವೂ ಇಲ್ಲದ ಒಂದು ವಲಯ. ಲೋಕದ ಇತರ ರಸ್ತೆಗಳು ಒಂದೂರಿನಿಂದ ಮತ್ತೊಂದೂರಿಗೆ ಹೋಗುತ್ತವೆ; ಇದು ತನ್ನನ್ನೇ ತಾನು ಬಂದು ಕೂಡಿಕೊಳ್ಳುತ್ತದೆ. ಹೊರ ಅಂಚಿನಲ್ಲಿ ಎಡೆಬಿಡದ ಗೋಡೆ. ಒಳ ಅಂಚಿನಲ್ಲಿಯೂ ಬಹುಮಟ್ಟಿಗೆ ಗೋಡೆಯೇ. ವಲಯದ ನಡುವಣ ಬಯಲಿನಲ್ಲಿ ಪಂದ್ಯದ ಕಾರುಗಳು, ಅವುಗಳನ್ನು ಹೊತ್ತು ತರುವ ಲಾರಿಗಳು, ಇಂಧನ, ಕೆಲಸಗಾರರು, ಚಿಕಿತ್ಸಾಲಯ, ಅನೇಕ ವೇಳೆ ಸಾವಿರಾರು ಮಂದಿ ಪ್ರೇಕ್ಷಕರು ಇರುತ್ತಾರೆ. ದೊಡ್ಡ ಆಸ್ಪತ್ರೆ, ಊರು, ಹೆದ್ದಾರಿ ಇವೆಲ್ಲವೂ ಹೊರಗಿವೆ. ಆದಕಾರಣ ಈ ವಲಯವನ್ನು ಎಲ್ಲಿಯಾದರೂ ಭೇದಿಸದೆ ಗತಿಯಿಲ್ಲ. ಭೇದಿಸಿದೆಡೆಯಲ್ಲಿ ಬಾಗಿಲನ್ನಿಡಬೇಕು. ಬಾಗಿಲನ್ನಿಟ್ಟೆಡೆಯಲ್ಲಿ ಗೋಡೆಯು ಗೋಡೆಯಾಗಿ ಉಳಿಯುವುದೇ ಎಂಬುದು ಪ್ರಕೃತ ವಿಚಾರ್ಯವಾದ ವಿಷಯ.

ಈ ಪ್ರಶ್ನೆಯು ಮೇಲುನೋಟಕ್ಕೆ ಬಡಗಿ ಕಮ್ಮಾರರ ಕೆಲಸಕ್ಕೆ ಸೇರಿದುದೆಂದು ತೋರಬಹುದು. ಕೀಲು, ಅಗುಳಿ, ಚೌಕಟ್ಟು—ಇಷ್ಟೇ ಅಲ್ಲವೆ ಎನಿಸುವುದು ಸಹಜ. ಆದರೆ ಇದೇ ಕೀಲು ಅಗುಳಿಗಳ ಮೇಲೆ ಮನುಷ್ಯರ ಪ್ರಾಣವು ನಿಂತ ಸಂದರ್ಭಗಳು ಈ ಕ್ರೀಡೆಯ ಚರಿತ್ರೆಯಲ್ಲಿ ಒಂದೆರಡಲ್ಲ. ಅಲ್ಲದೆ ಈ ಸಮಸ್ಯೆಯು ಮೋಟಾರಿನ ಯುಗದಲ್ಲಿ ಹುಟ್ಟಿದುದೂ ಅಲ್ಲ.

ರೋಮ್ ನಗರದ ಸರ್ಕಸ್ ಮ್ಯಾಕ್ಸಿಮಸ್ ಎಂಬ ರಥದ ಪಂದ್ಯಗಳ ಬಯಲು ಸುಮಾರು ೬೦೦ ಮೀಟರುಗಳಿಗೂ ಹೆಚ್ಚು ಉದ್ದವಾಗಿದ್ದಿತು. ರಥಗಳು ನಡುವಣ ಜಗಲಿಯನ್ನು ಎಡಕ್ಕೆ ಇಟ್ಟುಕೊಂಡು ಸುತ್ತುತ್ತಿದ್ದುವು. ಇಂದಿಗೂ ಅಮೆರಿಕದ ಅಂಡಾಕೃತಿಯ ಪಥಗಳಲ್ಲಿ ಕಾರುಗಳು ಸುತ್ತುವುದು ಅದೇ ದಿಕ್ಕಿನಲ್ಲಿಯೇ. ಬಯಲಿನ ಒಂದು ತುದಿಯಲ್ಲಿ ಹನ್ನೆರಡು ಬಾಗಿಲುಗಳ ಸಾಲು. ಅವುಗಳನ್ನು ಲ್ಯಾಟಿನ್ ಭಾಷೆಯಲ್ಲಿ ಕಾರ್ಕೆರೆಸ್ ಎನ್ನುತ್ತಿದ್ದರು. ಆ ಶಬ್ದಕ್ಕೆ ಸೆರೆಮನೆ ಎಂಬುದೇ ಮೂಲಾರ್ಥ. ಹೊರಡಲು ತವಕಿಸುವ ಕುದುರೆಗಳನ್ನು ಹಿಡಿದಿಡುವ ಎಡೆಯೆಂಬ ಭಾವದಿಂದ ಬಂದ ಹೆಸರು. ಪ್ರತಿಯೊಂದು ರಥಕ್ಕೂ ಮೊದಲ ತಿರುವಿನ ಕಡೆಗೆ ಸಮವಾದ ದೂರ ದೊರೆಯಲೆಂದು ಈ ಸಾಲನ್ನು ನೇರವಾಗಿ ಕಟ್ಟದೆ ತುಸು ಬಾಗಿಸಿ ಕಟ್ಟಿದ್ದರು. ಹನ್ನೆರಡೂ ಬಾಗಿಲುಗಳು ಒಂದೇ ಯಂತ್ರದಿಂದ ಏಕಕಾಲದಲ್ಲಿ ತೆರೆಯುತ್ತಿದ್ದುವು. ಆರಾರು ಬಾಗಿಲುಗಳ ನಡುವೆ ಇದ್ದ ದ್ವಾರವು ಬೇರೆ. ಅದರ ಮೂಲಕ ಪಂದ್ಯಕ್ಕೆ ಮುನ್ನ ದೇವತಾಮೂರ್ತಿಗಳ ಮೆರವಣಿಗೆಯು ಒಳಬರುತ್ತಿದ್ದಿತು. ಸ್ಪರ್ಧಿಗಳ ದಾರಿಯನ್ನೂ ಇತರರ ದಾರಿಯನ್ನೂ ಬೇರ್ಪಡಿಸಬೇಕೆಂಬ ವಿವೇಕವು ಆ ಕಟ್ಟಡದಲ್ಲಿಯೇ ಕಾಣಬರುತ್ತದೆ.

ಪ್ರೇಕ್ಷಕರ ರಕ್ಷಣೆಯ ವಿಷಯದಲ್ಲಿ ರೋಮನರು ಪಾಠವನ್ನು ಕಲಿತುದು ರಥಗಳಿಂದಲ್ಲ, ಆನೆಗಳಿಂದ. ಕ್ರಿ. ಪೂ. ೫೫ರಲ್ಲಿ ಪಾಂಪೆಯು ನಡೆಯಿಸಿದ ಆಟಗಳಲ್ಲಿ ಆನೆಗಳು ಕಬ್ಬಿಣದ ಸಲಾಕಿಗಳ ತಡೆಯನ್ನು ಮುರಿದು ಹೊರನುಗ್ಗಲು ಯತ್ನಿಸಿ ಜನರನ್ನು ಭೀತಿಗೊಳಿಸಿದುವೆಂದು ಪ್ಲಿನಿಯು ಬರೆದಿಟ್ಟಿದ್ದಾನೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡ ಜೂಲಿಯಸ್ ಸೀಸರನು ಕೆಲವು ವರ್ಷಗಳ ತರುವಾಯ ತಾನು ಆಟಗಳನ್ನು ನಡೆಯಿಸುವಾಗ, ಆಸನಗಳಿಗೂ ಬಯಲಿಗೂ ನಡುವೆ ನೀರಿನ ಅಗಳನ್ನು ತೋಡಿಸಿದನು. ಅದು ಹತ್ತು ಅಡಿ ಅಗಲ, ಹತ್ತು ಅಡಿ ಆಳ ಇದ್ದಿತೆಂದು ಹಾಲಿಕಾರ್ನಾಸಸ್ಸಿನ ಡಯೊನೀಸಿಯಸನ ಬರೆಹದಿಂದ ತಿಳಿದುಬರುತ್ತದೆ. ಮುಂದೆ ನೀರೋ ಚಕ್ರವರ್ತಿಯು ಗಣ್ಯವರ್ಗದವರಿಗೆ ಆಸನಗಳನ್ನು ಹೆಚ್ಚಿಸುವ ಸಲುವಾಗಿ ಆ ಅಗಳನ್ನು ತೆಗೆಯಿಸಿದನು. ಅಪಾಯವು ಕಣ್ಣೆದುರಿಗಿದ್ದಾಗ ತೋಡಿದ ಅಗಳು, ಅದರ ನೆನಪು ಮಾಸಿದಾಗ ಆಸನವಾಯಿತು. ಇಂಥ ಮರೆವು ರೋಮಿಗೆ ಮಾತ್ರ ಮೀಸಲಾದುದಲ್ಲವೆಂದು ಮುಂದಿನ ಸಂಗತಿಗಳಿಂದ ವ್ಯಕ್ತಪಡುವುದು.

ಮೋಟಾರು ಕಾರುಗಳಿಗಾಗಿಯೇ ಕಟ್ಟಿದ ಪಥಗಳಲ್ಲಿ ಮೊದಲಿನದೆಂದು ಎಣಿಸಲ್ಪಡುವುದು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್, ೧೯೦೭ರಲ್ಲಿ ತೆರೆಯಿತು. ಇಂಡಿಯಾನಾಪೊಲಿಸ್ಸಿನ ಎರಡೂವರೆ ಮೈಲಿಯ ಪಥವು ೧೯೦೯ರಲ್ಲಿ ತೆರೆಯಿತು. ಫ್ಲಾರಿಡಾದ ಡೇಟೋನಾ ೧೯೫೯ರದು, ಟೆನೆಸಿಯ ಬ್ರಿಸ್ಟಲ್ ೧೯೬೧ರದು. ದೊಡ್ಡ ಪಥಗಳಲ್ಲಿ ಒಳಬಯಲಿಗೆ ಹೋಗಲು ಪಥದ ಅಡಿಯಲ್ಲಿ ಸುರಂಗವನ್ನು ಕಟ್ಟುವುದು ಸಾಧ್ಯ. ಇಂಡಿಯಾನಾಪೊಲಿಸ್ಸಿನಲ್ಲಿಯೂ ಡೇಟೋನಾದಲ್ಲಿಯೂ ಹಾಗೆಯೇ ಮಾಡಿದ್ದಾರೆ. ಬ್ರೂಕ್‌ಲ್ಯಾಂಡ್ಸಿನಲ್ಲಿ ಇಳಿಜಾರಾದ ಪಥದ ಮೇಲೆ ಹಾಯ್ದು ಹೋಗುವ ಸೇತುವೆಯೊಂದಿತ್ತು. ಸುರಂಗ ಸೇತುವೆಗಳು ಗೋಡೆಯನ್ನು ಮುಟ್ಟದೆಯೇ ವಲಯವನ್ನು ದಾಟಿಸುತ್ತವೆ. ಆದಕಾರಣ ಅವೇ ಉತ್ತಮ. ಆದರೆ ಸುರಂಗವೆಂದರೆ ಹಣ. ಅದರ ಎತ್ತರ ಅಗಲಗಳಿಗೂ ಮಿತಿಯುಂಟು. ಇದಲ್ಲದೆ ಅರ್ಧ ಮೈಲಿಯಷ್ಟು ಸಣ್ಣ ಪಥಗಳಲ್ಲಿ ಸುತ್ತಲೂ ಆಸನಗಳು ಕೋಟೆಯಂತೆ ಎದ್ದಿರುವುದರಿಂದ ಲಾರಿಯು ಗೋಡೆಯ ಬಾಗಿಲನ್ನು ಹೊಕ್ಕು ಪಥವನ್ನು ಅಡ್ಡಹಾಯ್ದೇ ಒಳಸೇರಬೇಕಾಗುವುದು. ಸುರಂಗವಿದ್ದ ಕಡೆಯಲ್ಲಿಯೂ ಅಪಘಾತವಾದ ಕ್ಷಣದಲ್ಲಿ ಅಗ್ನಿಶಾಮಕದ ಬಂಡಿಯು ಸುರಂಗವನ್ನು ಹುಡುಕಿಕೊಂಡು ಹೋಗುವಂತಿಲ್ಲ. ಅದಕ್ಕೆ ಒಳಗೋಡೆಯಲ್ಲಿ ಹತ್ತಿರದ ತೆರವು ಬೇಕು. ಹೀಗೆ ಬಾಗಿಲು ಅನಿವಾರ್ಯವಾಗುತ್ತದೆ.

ಇನ್ನು ಗೋಡೆಯು ಚಾಲಕನನ್ನು ಕಾಯುವ ಬಗೆಯನ್ನು ನೋಡಬೇಕು. ಇದು ತಿಳಿಯದಿದ್ದರೆ ಬಾಗಿಲಿನ ದೋಷವೇನೆಂಬುದೂ ತಿಳಿಯಲಾರದು. ಗೋಡೆಯು ಕಾರನ್ನು ತಡೆದು ನಿಲ್ಲಿಸಬೇಕೆಂಬುದು ಸಾಮಾನ್ಯರ ಭಾವನೆ. ವಾಸ್ತವದಲ್ಲಿ ಅದರ ಕೆಲಸವು ಕಾರಿನ ದಿಕ್ಕನ್ನು ತಿರುಗಿಸುವುದು. ಗಂಟೆಗೆ ೩೦೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ೧೦ ಡಿಗ್ರಿ ಕೋನದಲ್ಲಿ ಗೋಡೆಗೆ ತಗುಲಿದರೆ, ಗೋಡೆಯತ್ತ ನೇರವಾಗಿ ಅದಕ್ಕಿರುವ ವೇಗವು ೫೨ ಕಿಲೋಮೀಟರು ಮಾತ್ರ. ಉಳಿದುದು ಗೋಡೆಯ ಉದ್ದಕ್ಕೆ ಸಾಗುವ ವೇಗ. ಕೋನವು ೨೦ ಡಿಗ್ರಿಯಾದರೆ ಗೋಡೆಯತ್ತಣ ವೇಗ ಸುಮಾರು ೧೦೩ ಕಿಲೋಮೀಟರು. ಆಘಾತದ ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ೧೦ ಡಿಗ್ರಿಯ ತಾಕಿನಲ್ಲಿ ಗೋಡೆಯು ಎದುರಿಸಬೇಕಾದುದು ಕಾರಿನ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಮೂರು ಪಾಲು. ೨೦ ಡಿಗ್ರಿಯಲ್ಲಿ ನೂರಕ್ಕೆ ಹನ್ನೆರಡು ಪಾಲು. ಮಿಕ್ಕ ಶಕ್ತಿಯು ಗೋಡೆಯನ್ನು ಉಜ್ಜುತ್ತ ಜಾರುವುದರಲ್ಲಿ, ಟೈರುಗಳ ಘರ್ಷಣೆಯಲ್ಲಿ, ತಗಡು ನುಗ್ಗಾಗುವುದರಲ್ಲಿ ನಿಧಾನವಾಗಿ ವ್ಯಯವಾಗುತ್ತದೆ. ನಿಧಾನವಾಗಿ ಎಂಬುದರಲ್ಲಿಯೇ ಚಾಲಕನ ಜೀವವಿದೆ.

ಇದಿಷ್ಟೂ ನಡೆಯಬೇಕಾದರೆ ಗೋಡೆಯ ಮುಖವು ನುಣುಪಾಗಿಯೂ ಅಖಂಡವಾಗಿಯೂ ಇರಬೇಕು. ಅದರಲ್ಲಿ ಒಂದು ಬಿರುಕು, ಒಂದು ಮೂಲೆ, ಮುಂದಕ್ಕೆ ಚಾಚಿದ ಒಂದು ಕಂಬ ಇದ್ದರೆ ಜಾರುತ್ತಿದ್ದ ಕಾರು ಅದಕ್ಕೆ ಸಿಲುಕುವುದು. ಸಿಲುಕಿದೊಡನೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನೂರಕ್ಕೆ ಮೂರು ಪಾಲಿನ ಬದಲು ನೂರಕ್ಕೆ ನೂರು ಪಾಲೂ ಒಂದೇ ಬಿಂದುವಿನಲ್ಲಿ ಬಂದು ಬೀಳುತ್ತದೆ. ನಾಲ್ಕು ಮೀಟರು ಅಗಲದ ಬಾಗಿಲೊಂದನ್ನು ಭಾವಿಸೋಣ. ಮೇಲಣ ವೇಗದ ಕಾರು ಅದನ್ನು ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಕಾಲದಲ್ಲಿ ದಾಟುತ್ತದೆ. ಅಷ್ಟರಲ್ಲಿ ಬಾಗಿಲು ಬಿಟ್ಟುಕೊಟ್ಟರೆ, ೧೦ ಡಿಗ್ರಿಯ ಕೋನದಲ್ಲಿ ಸಾಗುತ್ತಿರುವ ಕಾರು ಗೋಡೆಯ ಸಾಲಿಗಿಂತ ಎರಡು ಅಡಿಗೂ ಮಿಕ್ಕಿ ಹಿಂದಕ್ಕೆ ಸರಿದಿರುತ್ತದೆ. ಬಾಗಿಲಿನ ಆಚೆಯ ಅಂಚಿನಲ್ಲಿ ಮತ್ತೆ ಆರಂಭವಾಗುವ ಕಾಂಕ್ರೀಟಿನ ತುದಿಯು ಆಗ ಕಾರಿನ ಮೂತಿಗೆ ನೇರವಾಗಿ ಎದುರಾಗುತ್ತದೆ. ಗೋಡೆಯೇ ಇಲ್ಲದಿದ್ದರೆ ಕಾರು ಬಯಲಿಗೆ ಹೋಗಿ ಬೀಳುತ್ತಿತ್ತು. ಅರೆಗೋಡೆಯಿದ್ದುದರಿಂದ ಅದು ಕೊಡಲಿಯ ಬಾಯಿಗೆ ಬಿದ್ದಂತಾಗುತ್ತದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಬ್ರಿಸ್ಟಲಿನ ಎರಡು ಅಪಘಾತಗಳು ಸಾಕ್ಷಿಯಾಗಿವೆ. ೧೯೯೦ನೆಯ ಏಪ್ರಿಲಿನಲ್ಲಿ ಅಲ್ಲಿ ನಡೆದ ಪಂದ್ಯದಲ್ಲಿ ಮೈಕೆಲ್ ವಾಲ್ಟ್ರಿಪ್ ಎಂಬ ಚಾಲಕರ ಕಾರು ಎರಡನೆಯ ತಿರುವಿನ ಬಳಿಯಲ್ಲಿದ್ದ ಬಾಗಿಲಿಗೆ ತಗುಲಿತು. ಬಾಗಿಲು ಬಿಟ್ಟುಕೊಟ್ಟಿತು; ಕಾರು ಕಾಂಕ್ರೀಟಿನ ತುದಿಗೆ ಬಡಿಯಿತು. ಕಾರಿನಲ್ಲಿ ಕಾರೆಂದು ಕರೆಯಬಹುದಾದುದು ಏನೂ ಉಳಿಯಲಿಲ್ಲ; ಉಕ್ಕಿನ ಕೊಳವೆಗಳ ಗೂಡು ಹರಿದು, ತಗಡುಗಳು ಸುತ್ತಲೂ ಚೆಲ್ಲಾಪಿಲ್ಲಿಯಾದುವು. ಓಡಿಬಂದವರು ಶವವನ್ನು ಕಾಣಲು ಸಿದ್ಧರಾಗಿ ಬಂದಿದ್ದರೆಂದರೆ ಆಶ್ಚರ್ಯವಿಲ್ಲ. ಆದರೆ ವಾಲ್ಟ್ರಿಪ್ಪರು ಬದುಕಿದ್ದರು. ಅಲ್ಪಸ್ವಲ್ಪ ಪೆಟ್ಟುಗಳ ಹೊರತು ಮತ್ತೇನೂ ಆಗಿರಲಿಲ್ಲ. ಮರುದಿನದ ಪಂದ್ಯದಲ್ಲಿಯೂ ಕಾರನ್ನು ನಡೆಸಿದರು. ಹನ್ನೆರಡು ವರ್ಷಗಳ ತರುವಾಯ, ೨೦೦೨ನೆಯ ಆಗಸ್ಟಿನಲ್ಲಿ, ಅದೇ ಪಥದ ಅದೇ ತಿರುವಿನಲ್ಲಿ, ಅಭ್ಯಾಸದ ಓಟದ ವೇಳೆಯಲ್ಲಿ ಮೈಕ್ ಹಾರ್ಮನ್ ಎಂಬವರ ಕಾರು ಬಾಗಿಲಿಗೆ ತಾಕಿ, ಅದು ತೆರೆದುಕೊಂಡು, ಕಾರು ಗೋಡೆಯ ತುದಿಗೆ ಸಿಕ್ಕಿ ಸೀಳಿಹೋಯಿತು. ಅವರೂ ನಡೆದುಕೊಂಡೇ ಹೊರಬಂದರು.

ಇಬ್ಬರೂ ಬದುಕಿದುದು ಸಂತೋಷದ ಸಂಗತಿಯೇ ಸರಿ. ಆದರೆ ಬದುಕಿದುದರಿಂದಲೇ ಒಂದು ಅನರ್ಥವೂ ಆಯಿತೆಂದು ಹೇಳಬೇಕಾಗಿದೆ. ಸಾವು ಸಂಭವಿಸಿದ್ದರೆ ವಿಚಾರಣೆಯಾಗುತ್ತಿತ್ತು, ಎಲ್ಲ ಪಥಗಳ ಬಾಗಿಲುಗಳೂ ಪರೀಕ್ಷಿಸಲ್ಪಡುತ್ತಿದ್ದುವು. ಪವಾಡವೆಂದು ಬಣ್ಣಿಸಿದ ಮೇಲೆ ಕಾರಣವನ್ನು ಹುಡುಕುವ ಉತ್ಸಾಹ ತಗ್ಗುವುದು ಮನುಷ್ಯಸ್ವಭಾವ. ಒಂದೇ ತಿರುವಿನಲ್ಲಿ ಒಂದೇ ರೀತಿಯ ಘಟನೆ ಎರಡು ಸಲ ನಡೆಯಲು ಹನ್ನೆರಡು ವರ್ಷಗಳ ಅವಕಾಶ ದೊರೆತುದು ಇದರಿಂದಲೇ ಎಂದು ಊಹಿಸಿದರೆ ತಪ್ಪಾಗಲಾರದು.

ಹಾಗಾದರೆ ಬಾಗಿಲನ್ನು ಹೇಗೆ ಕಟ್ಟಬೇಕು? ಈ ಪಥಗಳಲ್ಲಿ ಒಂದು ಅನುಕೂಲವುಂಟು. ಊರ ರಸ್ತೆಯಲ್ಲಿ ಬಂಡಿಗಳು ಎರಡು ದಿಕ್ಕಿನಿಂದಲೂ ಬರುತ್ತವೆ. ಇಲ್ಲಿ ಒಂದೇ ದಿಕ್ಕು. ಕಾರು ಗಿರಕಿ ಹೊಡೆದು ಹಿಂದುಮುಂದಾದರೂ ಅದು ಜಾರುವುದು ಮೊದಲಿನ ದಿಕ್ಕಿನಲ್ಲಿಯೇ. ಆದ್ದರಿಂದ ಮನೆಗೆ ಹೆಂಚನ್ನು ಹೊದಿಸುವಾಗ ಮೇಲಿನ ಹೆಂಚು ಕೆಳಗಿನ ಹೆಂಚಿನ ಮೇಲೆ ಕವಿದು, ಹರಿಯುವ ನೀರಿಗೆ ಸಂದಿಯು ಸಿಕ್ಕದಂತೆ ಮಾಡುತ್ತಾರಷ್ಟೆ. ಗೋಡೆಯ ಕೂಡಿಕೆಯನ್ನೂ ಅದೇ ನ್ಯಾಯದಿಂದ ಮಾಡಬಹುದು. ಕಾರು ಬರುವ ಕಡೆಯ ಅಂಚು ಮುಂದಕ್ಕೆ ಚಾಚಿರಬೇಕು, ಹೋಗುವ ಕಡೆಯ ಅಂಚು ತುಸು ಹಿಂದಕ್ಕೆ ಅಡಗಿರಬೇಕು. ಹಾಗಿದ್ದಲ್ಲಿ ಉಜ್ಜಿಕೊಂಡು ಹೋಗುವ ಕಾರಿಗೆ ಸಿಲುಕಲು ಮೂಲೆಯೇ ದೊರೆಯದು.

ಎರಡನೆಯ ಮಾತು ಅಗುಳಿಯದು. ಬಾಗಿಲು ಪಥದಿಂದ ಹೊರಕ್ಕೆ ತೆರೆಯುವಂತಿದ್ದರೆ, ಆಘಾತದ ಭಾರವೆಲ್ಲ ಅಗುಳಿಯ ಮೇಲೂ ಕೀಲುಗಳ ಮೇಲೂ ಬೀಳುತ್ತದೆ. ಒಂದು ಕಬ್ಬಿಣದ ಸಲಾಕಿಯು ಕಾಂಕ್ರೀಟಿನ ಗೋಡೆಯ ಕೆಲಸವನ್ನು ಮಾಡಬೇಕಾಗುತ್ತದೆ. ಅದನ್ನು ಒಬ್ಬ ಕೆಲಸಗಾರನು ಅರ್ಧಮಾತ್ರ ಸೇರಿಸಿದ್ದರಂತೂ ಹೇಳುವಂತೆಯೇ ಇಲ್ಲ. ಬಾಗಿಲು ಪಥದ ಕಡೆಗೆ ತೆರೆದು, ಮುಚ್ಚಿದಾಗ ಹಿಂದುಗಡೆಯ ಚೌಕಟ್ಟಿಗೆ ಒರಗಿ ನಿಲ್ಲುವಂತಿದ್ದರೆ ಆಘಾತವು ಅದನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ. ಅಗುಳಿಯ ಕೆಲಸ ಬಾಗಿಲು ತಾನಾಗಿ ಪಥದೊಳಕ್ಕೆ ಬೀಸದಂತೆ ಹಿಡಿದಿರುವುದು ಮಾತ್ರ. ಗೋಡೆಯ ಹಿಂದೆ ಸರಿದಾಡುವ ಬಾಗಿಲಿಗೂ ಇದೇ ಗುಣವುಂಟು. ಆದರೆ ಪಥವು ಇಳಿಜಾರಾಗಿರುವೆಡೆ—ಡೇಟೋನಾದ ತಿರುವುಗಳು ೩೧ ಡಿಗ್ರಿಯಷ್ಟು ವಾಲಿವೆ—ಭಾರವಾದ ಬಾಗಿಲನ್ನು ನೆಟ್ಟಗೆ ತಿರುಗಿಸುವುದೇ ಕಷ್ಟ. ಆದಕಾರಣ ಬಾಗಿಲುಗಳನ್ನು ತಿರುವುಗಳಿಂದ ದೂರವಾಗಿ, ಕಾರುಗಳು ಗೋಡೆಗೆ ತಾಕುವ ಸಂಭವ ಕಡಮೆಯಿರುವ ಎಡೆಯಲ್ಲಿ ಇಡಬೇಕೆಂದು ಬುದ್ಧಿಯು ಹೇಳುತ್ತದೆ. ಆದರೆ ಸಣ್ಣ ಪಥದಲ್ಲಿ ಅಂಥ ಎಡೆಯೇ ಇಲ್ಲ.

ಒಳಗೋಡೆಯ ತೆರವುಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ಹೊರಗೋಡೆಗೆ ಕಾರುಗಳು ತಾಕುವುದು ನಿತ್ಯದ ಸಂಗತಿಯಾದ್ದರಿಂದ ಅದರ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ಒಳಗೋಡೆಯ ಕಡೆಗೆ ಕಾರು ಬರುವುದು ಅಪರೂಪ. ಬಂದಾಗ ಮಾತ್ರ ಹುಲ್ಲನ್ನೋ ಅಗಲವಾದ ಬಯಲನ್ನೋ ದಾಟಿ ದೊಡ್ಡ ಕೋನದಲ್ಲಿ ಬರುತ್ತದೆ. ರಕ್ಷಕವಾಹನಗಳ ದಾರಿಗಾಗಿ ಅಲ್ಲಿ ಗೋಡೆಯನ್ನು ಒಡೆದು, ಅದರ ಒಂದು ತುದಿಯನ್ನು ಓರೆಯಾಗಿ ಬಾಗಿಸಿದ್ದರೆ, ಆ ಓರೆಯೇ ಕಾರಿಗೆ ಎದುರಾದ ಮುಖವಾಗಿ ಪರಿಣಮಿಸುತ್ತದೆ. ೧೯೭೩ನೆಯ ಮೇ ೩೦ರಂದು ಇಂಡಿಯಾನಾಪೊಲಿಸ್ಸಿನಲ್ಲಿ ಸ್ವೀಡ್ ಸ್ಯಾವೇಜರ ಕಾರು ನಾಲ್ಕನೆಯ ತಿರುವಿನಿಂದ ಹೊರಬರುತ್ತ ಹತೋಟಿ ತಪ್ಪಿ, ಪಥವನ್ನು ಅಡ್ಡಲಾಗಿ ಜಾರಿ, ಪಿಟ್ಟಿನ ಪ್ರವೇಶದ್ವಾರದ ಹತ್ತಿರ ಓರೆಯಾಗಿದ್ದ ಒಳಗೋಡೆಗೆ ಬಹುಮಟ್ಟಿಗೆ ನೇರವಾಗಿಯೇ ಬಡಿದು, ಇಂಧನವು ಹತ್ತಿಕೊಂಡು, ಛಿದ್ರವಾಯಿತು. ಪಿಟ್ಟು ಎಂದರೆ ಕಾರುಗಳು ಟೈರು ಇಂಧನಗಳಿಗಾಗಿ ಬಂದು ನಿಲ್ಲುವ ಒಳದಾರಿ. ಅದು ಪಥದಿಂದ ಕವಲೊಡೆಯಬೇಕಾದುದರಿಂದಲೇ ಗೋಡೆ ಅಲ್ಲಿ ಬಾಗಿದ್ದುದು. ಸ್ಯಾವೇಜರು ಆ ಜುಲೈ ತಿಂಗಳಲ್ಲಿ ತೀರಿಕೊಂಡರು. ಮುಂದಿನ ವರ್ಷದ ಪಂದ್ಯಕ್ಕೆ ಮುನ್ನ ಆ ಗೋಡೆಯನ್ನು ಮಾರ್ಪಡಿಸಿ ಪ್ರವೇಶವನ್ನು ಅಗಲಗೊಳಿಸಿದರು.

ಮೂವತ್ತೈದು ವರ್ಷಗಳಾದ ಮೇಲೆ, ೨೦೦೮ನೆಯ ಮಾರ್ಚಿನಲ್ಲಿ, ಲಾಸ್ ವೇಗಸ್ ಪಥದಲ್ಲಿ ಜೆಫ್ ಗಾರ್ಡನ್ನರ ಕಾರು ಹಿಂಬದಿಯ ನೇರದಾರಿಯ ಒಳಗೋಡೆಗೆ, ವಾಹನಗಳಿಗಾಗಿ ಬಿಟ್ಟ ತೆರವಿನ ಬಳಿಯಲ್ಲಿ, ಬಲವಾಗಿ ಅಪ್ಪಳಿಸಿತು. ಆ ಗೋಡೆಗೆ ಮೆತ್ತನೆಯ ಹೊದಿಕೆಯಿರಲಿಲ್ಲ. ಗಾರ್ಡನ್ನರು ಉಳಿದುಕೊಂಡರು, ಗೋಡೆಯ ಆ ವಿನ್ಯಾಸವನ್ನು ಬಹಿರಂಗವಾಗಿಯೇ ಖಂಡಿಸಿದರು. ೨೦೧೫ನೆಯ ಫೆಬ್ರವರಿಯಲ್ಲಿ ಡೇಟೋನಾದಲ್ಲಿ ಕೈಲ್ ಬುಷರ ಕಾರು ಹುಲ್ಲನ್ನು ದಾಟಿ ಹೊದಿಕೆಯಿಲ್ಲದ ಒಳಗೋಡೆಗೆ ಬಡಿದಾಗ ಅವರ ಬಲಗಾಲೂ ಎಡಪಾದವೂ ಮುರಿದುವು. ಹನ್ನೊಂದು ಪಂದ್ಯಗಳನ್ನು ಅವರು ತಪ್ಪಿಸಿಕೊಳ್ಳಬೇಕಾಯಿತು. ಅನಂತರವೇ ಆ ಪಥದ ಅಧಿಕಾರಿಗಳು ಗೋಡೆಯ ಉದ್ದಕ್ಕೂ ಹೊದಿಕೆಯನ್ನು ಹಾಕಿಸುವುದಾಗಿ ಪ್ರಕಟಿಸಿದರು.

ಮೆತ್ತನೆಯ ಹೊದಿಕೆ ಎಂಬ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿವರಿಸುವುದು ಅವಶ್ಯ. ೧೯೯೮ರಲ್ಲಿ ಇಂಡಿಯಾನಾಪೊಲಿಸ್ಸಿನ ಒಳಗೋಡೆಯ ಒಂದು ಭಾಗಕ್ಕೆ ಪಾಲಿಥಿಲೀನ್ ಎಂಬ ಕೃತಕ ವಸ್ತುವಿನಿಂದ ಮಾಡಿದ ಹೊದಿಕೆಯನ್ನು ಹಾಕಿ ನೋಡಿದರು. ಅದೇ ವರ್ಷ ಆರಿ ಲುಯೆಂಡೈಕರ ಕಾರು ಅದಕ್ಕೆ ಬಡಿಯಿತು. ಹೊದಿಕೆಯು ಪೆಟ್ಟನ್ನು ಕಡಮೆ ಮಾಡಿದುದೇನೋ ನಿಜ. ಆದರೆ ಕಾರು ಅದಕ್ಕೆ ಸಿಲುಕಿ ತಿರುಚಿ ಎಸೆಯಲ್ಪಟ್ಟಿತು, ಹೊದಿಕೆಯ ಭಾರವಾದ ತುಂಡುಗಳು ಪಥದ ಮೇಲೆ ಹರಡಿದುವು. ಮೆತ್ತಗಿದ್ದರೆ ಸಾಲದು, ನುಣುಪಾಗಿಯೂ ಇರಬೇಕೆಂಬುದು ಇದರಿಂದ ಸಿದ್ಧವಾಯಿತು. ತರುವಾಯ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಡೀನ್ ಸಿಕಿಂಗ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಬೇರೊಂದು ಬಗೆಯನ್ನು ಸಾಧಿಸಿದರು. ಉಕ್ಕಿನ ಚೌಕಕೊಳವೆಗಳನ್ನು ಒಂದರ ಮೇಲೊಂದರಂತೆ ಜೋಡಿಸಿ ಮುಖವನ್ನು ಕಟ್ಟಿ, ಅದಕ್ಕೂ ಹಿಂದಣ ಕಾಂಕ್ರೀಟಿಗೂ ನಡುವೆ ಗಡುಸು ನೊರೆಯ ದಿಮ್ಮಿಗಳನ್ನು ಇಟ್ಟರು. ಉಕ್ಕು ಕಾರನ್ನು ಜಾರಿಸುತ್ತದೆ. ನೊರೆಯು ನುಗ್ಗಾಗಿ ಪೆಟ್ಟನ್ನು ನುಂಗುತ್ತದೆ. ಇದಕ್ಕೆ ಸೇಫರ್ ತಡೆ ಎಂದು ಹೆಸರಿಟ್ಟರು. ಉಕ್ಕು, ನೊರೆ, ಶಕ್ತಿ, ಇಳಿಕೆ ಎಂಬ ಅರ್ಥದ ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳನ್ನು ಕೂಡಿಸಿ, ಹೆಚ್ಚು ಕ್ಷೇಮಕರವಾದುದು ಎಂಬರ್ಥವೂ ಹೊಳೆಯುವಂತೆ ಮಾಡಿದ ಹೆಸರಿದು, ಶ್ಲೇಷಪ್ರಿಯರಿಗೆ ಹಿತವಾಗಬಹುದು. ೨೦೦೨ನೆಯ ಮೇ ತಿಂಗಳಲ್ಲಿ ಇದನ್ನು ಮೊತ್ತಮೊದಲಿಗೆ ಇಂಡಿಯಾನಾಪೊಲಿಸ್ಸಿನಲ್ಲಿ ಸ್ಥಾಪಿಸಿದರು. ೨೦೦೧ರಲ್ಲಿ ಡೇಟೋನಾದ ಹೊರಗೋಡೆಗೆ ಬಡಿದು ಡೇಲ್ ಅರ್ನ್‌ಹಾರ್ಟರು ಮೃತರಾದುದರಿಂದ ಜನರ ಮನಸ್ಸು ಈ ವಿಷಯದಲ್ಲಿ ಆ ವೇಳೆಗಾಗಲೇ ಹದವಾಗಿದ್ದಿತು. ಕೆಲವೇ ವರ್ಷಗಳಲ್ಲಿ ದೊಡ್ಡ ಪಥಗಳ ತಿರುವುಗಳಲ್ಲೆಲ್ಲ ಇದು ಹರಡಿತು.

ಆದರೆ ಈ ಒಳ್ಳೆಯ ಗೋಡೆಯೇ ಬಾಗಿಲಿನ ಸಮಸ್ಯೆಯನ್ನು ಮತ್ತಷ್ಟು ಜಟಿಲಗೊಳಿಸಿತು. ಉಕ್ಕಿನ ಮುಖವು ಕೆಲಸ ಮಾಡುವುದು ಅದು ಉದ್ದಕ್ಕೂ ಒಂದೇ ಆಗಿ, ಒಂದೆಡೆಯ ಪೆಟ್ಟನ್ನು ಅಕ್ಕಪಕ್ಕದ ಭಾಗಗಳಿಗೂ ಹಂಚುವುದರಿಂದ. ಬಾಗಿಲು ಆ ಹಂಚಿಕೆಯನ್ನು ಕತ್ತರಿಸುತ್ತದೆ. ಮೆತ್ತನೆಯ ಗೋಡೆಯ ಸಾಲಿನಲ್ಲಿ ಗಡುಸಾದ ಬಾಗಿಲನ್ನು ಇಟ್ಟರೆ, ಬಾಗಿಲಿಗೆ ಮುಂಚಿನ ಭಾಗವು ಪೆಟ್ಟಿಗೆ ಹಿಂದಕ್ಕೆ ಬಾಗಿ ಒಂದು ಜೇಬಿನಂತಾಗುತ್ತದೆ. ಕಾರು ಆ ಜೇಬನ್ನು ಹೊಕ್ಕು ಬಾಗಿಲಿನ ಗಡುಸು ಅಂಚಿಗೆ ನೇರವಾಗಿ ಎದುರಾಗುತ್ತದೆ. ಬಾಗಿಲನ್ನು ಗೋಡೆಗಿಂತಲೂ ಮೆತ್ತಗೆ ಮಾಡಿದರೆ ಬಾಗಿಲೇ ಜೇಬಾಗಿ, ಆಚೆಯ ಗೋಡೆಯು ಕೊಡಲಿಯಾಗುತ್ತದೆ. ಹೀಗೆ ಗೋಡೆಯ ಬಾಗುವಿಕೆಗೂ ಬಾಗಿಲಿನ ಬಾಗುವಿಕೆಗೂ ಸಾಮ್ಯವಿರಬೇಕು. ಇಲ್ಲವೆ ಒಂದರಿಂದ ಇನ್ನೊಂದಕ್ಕೆ ಗಡುಸುತನವು ಹಂತಹಂತವಾಗಿ ಏರಿಳಿಯಬೇಕು. ಮೇಲಾಗಿ ಬಾಗಿಲನ್ನು ಇಬ್ಬರು ಮನುಷ್ಯರು ಕ್ಷಣಕಾಲದಲ್ಲಿ ತೆರೆಯುವಂತಿರಬೇಕು. ಅಖಂಡವಾಗಿರಬೇಕು, ತೆರೆಯಲೂ ಬೇಕು ಎಂಬ ವಿರೋಧವನ್ನು ಪೂರ್ಣವಾಗಿ ಪರಿಹರಿಸುವ ಉಪಾಯವಿಲ್ಲ. ಉಕ್ಕಿನ ಕೀಲುಗಳು, ಆಳವಾಗಿ ಹೊಕ್ಕು ಕೂಡುವ ತೊಲೆಗಳು ಇವುಗಳಿಂದ ಆದಷ್ಟು ಸಮೀಪಕ್ಕೆ ಹೋಗಬಹುದು ಅಷ್ಟೆ.

ಗೋಡೆಯ ಮೇಲೆ ಪ್ರೇಕ್ಷಕರನ್ನು ಕಾಯುವ ಬೇಲಿಯುಂಟು. ಉಕ್ಕಿನ ಕಂಬಗಳ ನಡುವೆ ಹುರಿಗೊಳಿಸಿದ ತಂತಿಯ ಹಗ್ಗಗಳನ್ನೂ ಬಲೆಯನ್ನೂ ಬಿಗಿದಿರುತ್ತಾರೆ. ಹಗ್ಗಗಳು ಉದ್ದಕ್ಕೂ ಬಿಗಿಯಾಗಿರುವುದರಲ್ಲಿಯೇ ಇದರ ಬಲ. ಪಂದ್ಯಕ್ಕೆ ಮುನ್ನ ಪ್ರೇಕ್ಷಕರು ಪಥವನ್ನು ದಾಟಿ ಒಳಬಯಲಿಗೆ ಹೋಗಿಬರಲೆಂದು ಈ ಬೇಲಿಯಲ್ಲಿಯೂ ಬಾಗಿಲುಗಳನ್ನು ಇಡುತ್ತಾರೆ. ಅಲ್ಲಿ ಹಗ್ಗಗಳು ಕಡಿದು ಚೌಕಟ್ಟಿಗೆ ಕಟ್ಟಲ್ಪಡುತ್ತವೆ. ೨೦೧೩ನೆಯ ಫೆಬ್ರವರಿ ೨೩ರಂದು ಡೇಟೋನಾದಲ್ಲಿ ಪಂದ್ಯದ ಕೊನೆಯ ಸುತ್ತಿನಲ್ಲಿ ಹಲವು ಕಾರುಗಳು ಒಂದಕ್ಕೊಂದು ತಾಗಿ, ಕೈಲ್ ಲಾರ್ಸನ್ನರ ಕಾರು ಮೇಲಕ್ಕೆದ್ದು ಬೇಲಿಗೆ ಬಡಿಯಿತು. ಬಡಿದುದು ಇಂತಹ ಒಂದು ಬಾಗಿಲಿರುವೆಡೆಯಲ್ಲಿ. ಕಾರಿನ ಮುಂಭಾಗವು ಕಿತ್ತುಹೋಗಿ, ಇಂಜಿನ್ನು ಬೇಲಿಯನ್ನು ಭೇದಿಸಿತು. ಚಕ್ರವೊಂದು ಆಸನಗಳ ನಡುವೆ ಬಿದ್ದಿತು. ೨೮ ಮಂದಿ ಪ್ರೇಕ್ಷಕರು ಗಾಯಗೊಂಡರು. ಅವರಲ್ಲಿ ೧೪ ಮಂದಿಯನ್ನು ಹೊರಗಣ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಲಾರ್ಸನ್ನರಿಗೆ ಏನೂ ಆಗಲಿಲ್ಲ. ಅದೇ ವರ್ಷದಲ್ಲಿಯೇ ಡೇಟೋನಾದಲ್ಲಿಯೂ ಟ್ಯಾಲಡೀಗಾದಲ್ಲಿಯೂ ಬೇಲಿಬಾಗಿಲುಗಳ ಚೌಕಟ್ಟಿಗೆ ಹೆಚ್ಚಿನ ಹಗ್ಗಗಳನ್ನು ಬಿಗಿದು, ಬಾಗಿಲಿನ ಎರಡು ಪಕ್ಕದ ಕಂಬಗಳನ್ನೂ ಒಂದಕ್ಕೊಂದು ಬಂಧಿಸಿದರು. ಹರಿದ ಹಗ್ಗಗಳ ಬಿಗಿಯನ್ನು ಬಾಗಿಲಿನ ಆಚೆಗೂ ಮುಂದುವರಿಸುವುದೇ ಇದರ ಉದ್ದೇಶ.

ಬಾಗಿಲಿನ ಮಾತು ಮುಗಿದ ಮೇಲೆ ಅದರ ಮೂಲಕ ಬರುವ ವಾಹನಗಳ ಮಾತು ಉಳಿಯುತ್ತದೆ. ಇಂಡಿಯಾನಾಪೊಲಿಸ್ಸಿನ ೧೯೭೩ರ ಆ ದಿನವೇ, ಸ್ಯಾವೇಜರ ಕಾರು ಉರಿಯುತ್ತಿರುವುದನ್ನು ಕಂಡು ಅವರ ತಂಡಕ್ಕೆ ಸಂಬಂಧಪಟ್ಟ ತರುಣ ಕೆಲಸಗಾರನೊಬ್ಬನು ಪಿಟ್ಟಿನ ದಾರಿಗೆ ಓಡಿಬಂದನು. ಅದೇ ವೇಳೆಗೆ ಅಗ್ನಿಶಾಮಕದ ಬಂಡಿಯೊಂದು ಕಾರುಗಳು ಬರುವ ದಿಕ್ಕಿಗೆ ಎದುರಾಗಿ ವೇಗದಿಂದ ಬರುತ್ತಿದ್ದಿತು. ಅದು ಬಡಿದು ಆತನು ಮರಣಹೊಂದಿದನು. ಪಿಟ್ಟಿನ ದಾರಿಯಲ್ಲಿ ಕೆಲಸ ಮಾಡುವವರ ಕಣ್ಣು ಸಹಜವಾಗಿ ಕಾರುಗಳು ಬರುವ ದಿಕ್ಕಿಗೇ ನೆಟ್ಟಿರುತ್ತದೆ. ಬೆನ್ನ ಹಿಂದಿನಿಂದ ಯಾವುದೂ ಬಾರದೆಂಬುದೇ ಅವರ ಜೀವಕ್ಕೆ ಆಧಾರ. ಆ ನಂಬಿಕೆಯನ್ನು ರಕ್ಷಣೆಗಾಗಿ ಬಂದ ವಾಹನವೇ ಮುರಿದುದು ದಾರುಣವಾದ ಸಂಗತಿ. ರಕ್ಷಕವಾಹನಗಳೂ ಪಂದ್ಯದ ದಿಕ್ಕಿನಲ್ಲಿಯೇ ಚಲಿಸಬೇಕೆಂಬ ನಿಯಮದ ಅರ್ಥವು ಇಂಥ ಘಟನೆಯಿಂದ ಮನದಟ್ಟಾಗುತ್ತದೆ. ದಿಕ್ಕಿನಂತೆಯೇ ವೇಗವೂ ಮುಖ್ಯ. ೧೯೯೦ನೆಯ ನವೆಂಬರಿನಲ್ಲಿ ಅಟ್ಲಾಂಟಾ ಪಥದ ಪಿಟ್ಟಿನಲ್ಲಿ ಎರಡು ಕಾರುಗಳ ನಡುವೆ ಸಿಲುಕಿ ಕೆಲಸಗಾರನೊಬ್ಬನು ಸತ್ತ ಮೇಲೆ, ನ್ಯಾಸ್ಕಾರ್ ಸಂಸ್ಥೆಯು ೧೯೯೧ರಿಂದ ಆ ದಾರಿಯಲ್ಲಿ ವೇಗದ ಮಿತಿಯನ್ನು ವಿಧಿಸಿತು. ಅದಕ್ಕೆ ಮುನ್ನ ಪಥದ ವೇಗಕ್ಕೂ ಪಿಟ್ಟಿನ ವೇಗಕ್ಕೂ ನಡುವೆ ಚಾಲಕನ ವಿವೇಕವೊಂದೇ ಗಡಿಯಾಗಿದ್ದಿತು.

ಪಥವು ಹಳದಿ ಪತಾಕೆಯ ಅಧೀನದಲ್ಲಿರುವಾಗ, ಎಂದರೆ ಕಾರುಗಳು ಮಂದಗತಿಯಿಂದ ಸಾಲಾಗಿ ಹೋಗುತ್ತಿರುವಾಗ, ಕೆಲಸದ ವಾಹನಗಳು ಬಾಗಿಲುಗಳಿಂದ ಪಥಕ್ಕೆ ಇಳಿಯುತ್ತವೆ. ಮಂದಗತಿಯೆಂಬುದು ಎಲ್ಲರಿಗೂ ಅನ್ವಯಿಸುವುದಿಲ್ಲವೆಂಬುದನ್ನು ೨೦೧೨ರ ಡೇಟೋನಾ ಪಂದ್ಯವು ತೋರಿಸಿತು. ಸಾಲಿನಿಂದ ಹಿಂದೆ ಬಿದ್ದು ಅದನ್ನು ಸೇರಿಕೊಳ್ಳಲು ವೇಗವಾಗಿ ಬರುತ್ತಿದ್ದ ಹ್ವಾನ್ ಪಾಬ್ಲೊ ಮೊಂಟೋಯರ ಕಾರಿನ ಒಂದು ಭಾಗವು ಮುರಿದು, ಕಾರು ಹತೋಟಿ ತಪ್ಪಿ, ಪಥವನ್ನು ಒಣಗಿಸುವ ಜೆಟ್ ಯಂತ್ರವನ್ನು ಎಳೆಯುತ್ತಿದ್ದ ವಾಹನಕ್ಕೆ ಬಡಿಯಿತು. ಸುಮಾರು ೨೦೦ ಗ್ಯಾಲನ್ ಇಂಧನವು ಪಥದ ಮೇಲೆ ಹರಿದು ಹತ್ತಿಕೊಂಡಿತು. ಚಾಲಕರಿಬ್ಬರೂ ಉಳಿದರು, ಪಂದ್ಯವು ಎರಡು ಗಂಟೆಗಳ ಕಾಲ ನಿಂತಿತು. ಪಥದ ಮೇಲಿರುವ ವಾಹನದ ಬಳಿಗೆ ಯಾವ ಕಾರೂ ವೇಗವಾಗಿ ಬಾರದಂತೆ ನೋಡಿಕೊಳ್ಳುವುದು, ಆ ವಾಹನವು ಪಥದಲ್ಲಿರುವ ಕಾಲವನ್ನು ಕಡಮೆ ಮಾಡುವುದು, ಇವೆರಡೇ ಉಪಾಯಗಳು. ಎರಡನೆಯದಕ್ಕೆ ಬಾಗಿಲುಗಳು ಹೆಚ್ಚಾಗಿರಬೇಕು, ಹತ್ತಿರವಾಗಿರಬೇಕು; ಗೋಡೆಯ ದೃಷ್ಟಿಯಿಂದಲಾದರೋ ಬಾಗಿಲುಗಳು ಎಷ್ಟು ಕಡಮೆಯಾದರೆ ಅಷ್ಟು ಒಳ್ಳೆಯದು.

ವಾಹನವನ್ನು ಬಾಗಿಲಿನಲ್ಲಿಯೇ ನಿಲ್ಲಿಸಿಕೊಂಡಿರುವುದು ಈ ವಿರೋಧಕ್ಕೆ ಸಾಮಾನ್ಯವಾಗಿ ಕಂಡುಕೊಂಡ ಸಮಾಧಾನ. ಒಳಗೋಡೆಯ ತೆರವಿನ ಹಿಂದೆ, ಕಾರುಗಳು ಬರುವ ದಿಕ್ಕಿನಿಂದ ನೋಡಿದರೆ ಗೋಡೆಯ ಮರೆಯಲ್ಲಿ, ಇಂಜಿನ್ನು ಚಾಲೂ ಇಟ್ಟುಕೊಂಡು ಅದು ಕಾದಿರುತ್ತದೆ. ಪತಾಕೆ ಬಿದ್ದೊಡನೆ ಹೊರಡುತ್ತದೆ. ಎಲ್ಲಿಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬ ಆಜ್ಞೆಯು ಒಂದೇ ಕಡೆಯಿಂದ ಬರಬೇಕು. ೨೦೧೭ನೆಯ ಸೆಪ್ಟೆಂಬರಿನಲ್ಲಿ ವರ್ಜೀನಿಯಾದ ರಿಚ್ಮಂಡ್ ಪಥದಲ್ಲಿ ಆಂಬುಲೆನ್ಸೊಂದು ಪಿಟ್ಟಿನ ಪ್ರವೇಶದ ಬಳಿಯಲ್ಲಿ, ಕಾರುಗಳು ಒಳಬರುತ್ತಿರುವಾಗಲೇ ನಿಂತುಬಿಟ್ಟಿತು. ಮುಂದಿನವರು ಹಠಾತ್ತಾಗಿ ವೇಗವನ್ನು ತಗ್ಗಿಸಿದರು. ಹಿಂದೆ ಬರುತ್ತಿದ್ದ ಮ್ಯಾಟ್ ಕೆನ್ಸೆತರ ಕಾರು ಮುಂದಿನ ಕಾರಿಗೆ ತಾಕಿ, ರೇಡಿಯೇಟರು ಒಡೆದು, ಅವರ ಪಂದ್ಯವು ಅಲ್ಲಿಗೇ ಮುಗಿಯಿತು. ಯಾರಿಗೂ ಗಾಯವಾಗಲಿಲ್ಲ. ಆ ಆಂಬುಲೆನ್ಸು ನಿಂತಿದ್ದುದು ಸಾಮಾನ್ಯವಾಗಿ ಕಾರುಗಳು ಪಥವನ್ನು ಬಿಟ್ಟು ಒಳಕ್ಕೆ ತಿರುಗುವ ಎಡೆಯಲ್ಲಿ, ಒಂದು ಕಾರಿನ ಅಗಲದಷ್ಟು ದಾರಿಯನ್ನು ಮಾತ್ರ ಬಿಟ್ಟು.